ಮುಂಬಾಗಿಲು ಹಿಡಿದ ದನಿ

ಗಾಳಿಯೇ ಯಜಮಾನನಾಗಿರುವ ಸೀಮೆ ಅದು. ವಯೋಮಿಂಗಿನ ಆ ಬಯಲಲ್ಲಿ ಬೆಳೆದವರು ಪಡುವಣಕ್ಕೆ ಒಂಚೂರು ವಾಲಿಕೊಂಡೇ ನಡೆಯುತ್ತಾರೆ. ಗಾಳಿ ನಿಂತ ದಿನ ಮುಗ್ಗರಿಸುತ್ತಾರೆ. ಲಿಯೋಟಾ ಹುಟ್ಟಿದ್ದು ಅಲ್ಲೇ, ಕುರಿ ಸಾಕುವವರ ಮನೆಯಲ್ಲಿ. ಅಕ್ಷರ ಕೂಡಿಸಿ ಓದುವಷ್ಟು ಕಲಿತ ಮೇಲೆ ಶಾಲೆ ಬಿಟ್ಟಳು. ಉಣ್ಣೆ ಕತ್ತರಿಸಲು ಬರುವ ಆಳುಗಳಿಗೆ ತಾಯಿಯ ಜೊತೆ ನಿಂತು ಬೇಯಿಸಿ ಹಾಕಿದಳು. ಹಿಟ್ಟು ನಾದುವ ಕೈ ಅವಳಿಗೆ ಬಂದದ್ದು ಅಲ್ಲಿಂದ. ಮುಂದೆ ಲಾರಿ ಓಡಿಸುವ ಆರಿನ್ ಫಾಸಮ್ ಎಂಬವನನ್ನು ಮದುವೆಯಾಗಿ ಹೆದ್ದಾರಿಯ ಪಕ್ಕದ ಪುಟ್ಟ ಮನೆಗೆ ಬಂದಳು. ಮಕ್ಕಳಾಗಲಿಲ್ಲ. ಹತ್ತಿರದ ಲಾರಿ ನಿಲ್ದಾಣದಲ್ಲಿ ಊಟದ ಅಂಗಡಿ ಇಟ್ಟಿದ್ದ ಬರ್ನೀಸ್‌ಗೆ ಸೇಬಿನ ಹೂರಣ ತುಂಬಿದ ಪೈ ಸುಟ್ಟು ಕೊಡುವುದು ಅವಳ ಕೆಲಸವಾಯಿತು.

ಆರಿನ್ ಮಾತಿನಲ್ಲಿ ಬಲು ಜಿಪುಣ. ಊಟಕ್ಕೆ ಕೂತರೆ 'ಉಪ್ಪು' ಅನ್ನುತ್ತಿದ್ದ, ಎದ್ದರೆ 'ಸರಿ' ಅನ್ನುತ್ತಿದ್ದ. ಹೀಗಿದ್ದವನು ಒಂದು ದಿನ, ಲಾರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಿಬಿ ರೇಡಿಯೊದ ಪೆಟ್ಟಿಗೆಯನ್ನು ತಂದು ಅಡುಗೆಮನೆಯ ಹಲಗೆಯ ಮೇಲೆ ಕೂರಿಸಿ, ಮಾಡಿಗೆ ತಂತಿಯ ಕಂಬ ನೆಟ್ಟು, "ಈ ಗುಂಡಿ ಒತ್ತಿದ್ರೆ ನೀನು ಮಾತಾಡೋದು. ಬಿಟ್ರೆ ಅವರು" ಎಂದಷ್ಟೇ ಹೇಳಿ ಲಾರಿ ಹತ್ತಿಹೋದ. ಮರಳಿ ಬರುವ ದಿನ, ಅವನ ಲಾರಿ ದೊಡ್ಡ ಗುಡ್ಡದ ನೆತ್ತಿ ದಾಟಿ ಈಚೆಗೆ ಇಳಿಯುವ ಹೊತ್ತಿಗೆ ಪೆಟ್ಟಿಗೆ ಬಾಯಿಬಿಟ್ಟಿತು.

"ಕೋಳಿಯಮ್ಮ, ಏ ಕೋಳಿಯಮ್ಮ, ಕಿವಿ ತೆರ್ದಿದ್ದೀಯಾ? ನಿನ್ನ ಹುಳಿಹಿಟ್ಟು ಗುಡ್ಡ ಇಳೀತಾ ಇದೆ. ಆಲೂಗಡ್ಡೆ ಒಲೆ ಮೇಲಿಡು, ನಿನ್ನ ಮುಖ ನೋಡಿ ಯುಗ ಆದಂಗಿದೆ, ತಿರುಗಿ ಬಾ!"

ಯಾರಪ್ಪ ಈ ರಸಿಕ ಎಂದು ಲಿಯೋಟಾ ಬೆಚ್ಚಿ ಸೆರಗಿಲ್ಲದ ಮೈಗೆ ಏಪ್ರನ್ ಎಳೆದುಕೊಂಡಳಂತೆ. ಅದು ತನ್ನ ಗಂಡನೇ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಮೈಕು ಕೈಗೆ ಸಿಕ್ಕರೆ ಆರಿನ್ ಬೇರೆಯೇ ಮನುಷ್ಯ. ಹುಳಿಹಿಟ್ಟು ಎಂಬುದು ಅವನ ರಸ್ತೆ ಹೆಸರು. ಅವಳಿಗೂ ಒಂದನ್ನು ಅವನೇ ಇಟ್ಟಿದ್ದ. ಅಂದಿನಿಂದ ಅವನು ಬರುವುದನ್ನು ಅವಳು ಕಣ್ಣಿಂದಲ್ಲ, ಕಿವಿಯಿಂದಲೇ ಕಾದಳು. ದನಿ ಗುಡ್ಡ ಇಳಿದಾಗ ಆಲೂಗಡ್ಡೆ ಒಲೆಗೇರಿದರೆ, ಅವನು ಬೂಟು ಬಿಚ್ಚುವಷ್ಟರಲ್ಲಿ ಬೆಂದಿರುತ್ತಿತ್ತು.

ಲಾರಿಯವರ ಆ ರೇಡಿಯೊ ನುಡಿಯನ್ನು ಅವಳು ಹಿಟ್ಟು ನಾದುತ್ತಲೇ ಕಲಿತಳು. ಕೇಳಿಸಿತು ಎನ್ನಲು 'ಹತ್ತು-ನಾಲ್ಕು', ಉತ್ತರ ಕೊಡು ಎನ್ನಲು 'ತಿರುಗಿ ಬಾ'. ಪೊಲೀಸನೆಂದರೆ ಕರಡಿ. ವಿಮಾನದಲ್ಲಿ ಕೂತು ವೇಗ ಅಳೆಯುವವನು ಹಾರೋ ಕರಡಿ. ಲಾರಿಗಳ ತೂಕ ನೋಡುವ ಠಾಣೆ ಕೋಳಿಗೂಡು. ಹರಿದು ರಸ್ತೆಗೆ ಬಿದ್ದ ಟೈರು ಮೊಸಳೆ. ಮೈಲಿಕಲ್ಲಿಗೆ ಗಜಕಡ್ಡಿ; ಪಡುವಣಕ್ಕೆ ಹೋದಂತೆ ಅದರ ಅಂಕಿ ಇಳಿಯುತ್ತದೆ. ಲಾರಿಗಳು ಸಾಲುಗಟ್ಟಿ ಹೊರಟರೆ ಎಲ್ಲರಿಗಿಂತ ಮುಂದೆ ಹೋಗುವವನದು ಮುಂಬಾಗಿಲು, ಕೊನೆಯವನದು ಹಿಂಬಾಗಿಲು, ನಡುವಿನವರು ತೂಗುಕುರ್ಚಿಯಲ್ಲಿ ಕೂತವರು. ಮುಂಬಾಗಿಲಿನವನು ಕಂಡದ್ದನ್ನು ಹಿಂದಿನವರಿಗೆ ಹೇಳಬೇಕು. ಹಿಂದಿನವರು ಅದನ್ನು ತಮ್ಮ ಕಣ್ಣಿಗಿಂತ ಹೆಚ್ಚಾಗಿ ನಂಬಬೇಕು. ಹಿಮ ಬೀಸುವಾಗ ಅವನ ಮಾತಿಗೆ ಅಡ್ಡ ಮಾತಾಡುವುದು ಮಹಾ ತಪ್ಪು. ಅವನ ದನಿ ನಿಂತುಹೋದರೆ ಹಿಂದಿನವನು 'ಮುಂಬಾಗಿಲು ಯಾರ ಕೈಲಿದೆ?' ಎಂದು ಕೂಗಬೇಕು. ಯಾರು ಓಗೊಟ್ಟರೋ ಬಾಗಿಲು ಅವರದು.

ಇನ್ನೊಂದು ಸೋಜಿಗ. ರೇಡಿಯೊದಲ್ಲಿ ಎಲ್ಲರೂ ಒಂದೇ ರಾಗದಲ್ಲಿ ಮಾತಾಡುತ್ತಿದ್ದರು. ಉತ್ತರದ ಬಯಲಿನ ಆರಿನ್ ಕೂಡ ಮೈಕು ಹಿಡಿದರೆ ಬಾಯಲ್ಲಿ ಬೆಲ್ಲದ ಪಾಕ ಇಟ್ಟುಕೊಂಡವನಂತೆ ದಕ್ಷಿಣದವರ ಹಾಗೆ ಎಳೆದೆಳೆದು ನುಡಿಯುತ್ತಿದ್ದ. ಯಾರ ಊರು ಯಾವುದು ಎಂದು ದನಿಯಿಂದ ಹೇಳುವಂತಿರಲಿಲ್ಲ. ಅದೇ ಅದರ ಸೊಗಸು ಎಂದು ಅವರೆಲ್ಲ ಭಾವಿಸಿದ್ದರು.

ಹೆತ್ತವರಿಟ್ಟ ಹೆಸರನ್ನು ಮಾತ್ರ ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ ರಸ್ತೆಯಲ್ಲಿ ಅದಕ್ಕೊಂದು ಕಟ್ಟಲೆ ಇತ್ತು. ಡ್ರೈವರನೊಬ್ಬ ಸತ್ತರೆ ಅವನ ಹೆಂಡತಿಯೋ ತಾಯಿಯೋ ಪೂರ್ತಿ ಹೆಸರನ್ನು ಯಾವುದಾದರೂ ಲಾರಿಯವನಿಗೆ ಕೊಡುತ್ತಾಳೆ. ಅವನು ಅದನ್ನು ಗಾಳಿಗೆ ಓದುತ್ತಾನೆ: ಇಂಥ ಹೆಸರಿನವನು, ಇಂಥ ರಸ್ತೆ ಹೆಸರಿನವನು, ಲಾರಿ ನಿಲ್ಲಿಸಿದ್ದಾನೆ. ಕೇಳಿದವರು ಟೋಪಿ ತೆಗೆದು ಒಂದಷ್ಟು ದೂರ ಸುಮ್ಮನೆ ಓಡಿಸುತ್ತಾರೆ. ಆ ರಸ್ತೆ ಹೆಸರನ್ನು ಆಮೇಲೆ ಯಾರೂ ಇಟ್ಟುಕೊಳ್ಳುವುದಿಲ್ಲ, ಆ ಹೆಸರಿನಿಂದ ಯಾರಾದರೂ ಕೂಗಿದರೂ ಓಗೊಡುವುದಿಲ್ಲ.

ಆ ಕೆಲವು ವರ್ಷ ಸೂರ್ಯನ ಮುಖದ ಮೇಲೆ ಕಲೆಗಳು ಹೆಚ್ಚಿದ್ದವೆಂದು ಬಲ್ಲವರು ಹೇಳುತ್ತಿದ್ದರು. ಅದರಿಂದಾಗಿ ಹೊತ್ತು ನೆತ್ತಿಗೇರಿದಾಗ ಎಲ್ಲೆಲ್ಲಿಯ ದನಿಗಳೋ ಆಕಾಶಕ್ಕೆ ತಾಗಿ ನೆಗೆದು ಬಂದು ಅಡುಗೆಮನೆಯಲ್ಲಿ ಬೀಳುತ್ತಿದ್ದವು. ಗುಡ್ಡದಾಚೆಯ ಗಂಡನ ಮಾತು ಕೇಳದು; ಸಾವಿರ ಮೈಲಿ ಆಚೆಯವನು ಕೆಮ್ಮಿದ್ದು ಮಗ್ಗುಲಲ್ಲೇ ಕೂತು ಕೆಮ್ಮಿದಂತೆ ಕೇಳುವುದು. ಯಾವಳೋ ಒಬ್ಬಳು 'ಎಲ್ಲಿದ್ದೀಯಾ, ಎಲ್ಲಿದ್ದೀಯಾ' ಎಂದು ದಿನವೂ ಒಬ್ಬನನ್ನು ಕೇಳುತ್ತಿದ್ದಳು. ಅವನ ಉತ್ತರ ಒಂದು ದಿನವೂ ಕೇಳಿಬರಲಿಲ್ಲ. ಯಾವನೋ ನಗುತ್ತಿದ್ದ, ಏತಕ್ಕೆಂದು ತಿಳಿಯದು. ಆ ನಗೆ ಮುಗಿಯುವ ಮೊದಲೇ ಮಂಜಿನಲ್ಲಿ ಕರಗಿದಂತೆ ಕರಗಿಹೋಗುವುದು. ಹಾಡುಹಗಲು, ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿರುವಾಗ, ಲಿಯೋಟಾಗೆ ಬೆನ್ನು ಹುರಿ ತಣ್ಣಗಾಗುತ್ತಿತ್ತು.

"ಅವ್ರು ನೆಗೆದು ಬಂದವರು. ನಮ್ಮ ರಸ್ತೆಯೋರಲ್ಲ. ಓಗೊಡ್ಬೇಡ" ಎಂದಿದ್ದ ಆರಿನ್.

ಅವಳು ಓಗೊಡಲಿಲ್ಲ. ಆದರೆ ಅವರಲ್ಲೊಬ್ಬನ ಗುರುತು ಹಿಡಿದಿದ್ದಳು. ಕಿತ್ತಳೆಸಿಪ್ಪೆ ಎಂದು ಅವನ ಹೆಸರು. ಫ್ಲೋರಿಡಾದ ಕಡೆಯವನು. ಚಳಿಗಾಲದಲ್ಲೂ ಕಿಟಕಿ ಇಳಿಸಿಕೊಂಡು ಬೇಯಿಸಿದ ಕಡಲೆಕಾಯಿ ತಿನ್ನುತ್ತ ಓಡಿಸುತ್ತಿದ್ದ. ಅವನು ಲಾರಿ ನಿಲ್ಲಿಸಿ ಮಾತಾಡುವಾಗ ಹಿಂದೆ ಒಂದು ಅಣಕಹಕ್ಕಿ ಹತ್ತು ಹಕ್ಕಿಗಳ ದನಿಯಲ್ಲಿ ಕೂಗುತ್ತಿತ್ತು. ವಯೋಮಿಂಗಿನ ಹಿಮದ ನಡುವೆ ಆ ಹಕ್ಕಿಯ ಕೂಗು ಕೇಳುವುದೆಂದರೆ ಮುಚ್ಚಿದ ಮನೆಯೊಳಗೆ ಯಾರೋ ಸಿಳ್ಳೆ ಹಾಕಿದಂತೆ.

ಜನವರಿಯ ಒಂದು ಮಧ್ಯಾಹ್ನ. ನೆಲಬಿರುಗಾಳಿ ಎದ್ದಿತ್ತು. ಅದರ ಪರಿ ಹಾಗೆಯೇ. ಮೇಲೆ ನೋಡಿದರೆ ನೀಲಿ ಆಕಾಶ, ಸೂರ್ಯ. ಕೆಳಗೆ ನೆಲದ ಹಿಮವೆಲ್ಲ ಎದ್ದು ಹೊಳೆಯಂತೆ ಹರಿಯುತ್ತದೆ. ಒಂದು ಮೈಲಿ ನಿಚ್ಚಳ, ಮುಂದಿನ ಮೈಲಿಯಲ್ಲಿ ಕೈ ಚಾಚಿದರೆ ಬೆರಳು ಕಾಣದು. ಆರಿನ್ ಮೂಡಣದಿಂದ ಮನೆಯತ್ತ ಹೊರಟಿದ್ದ. ಮೇಕೆಗಡ್ಡ ಎಂಬವನ ಲಾರಿ ಮುಂದೆ, ಹಿಂದೆ ಪಾದ್ರಿ ಎಂಬವನದು, ನಡುವೆ ಇವನು. ಬೆಳಿಗ್ಗೆ ಫೋನಿನಲ್ಲಿ ಅಷ್ಟು ಹೇಳಿದ್ದ.

ಬರ್ನೀಸ್ ಪೈ ಒಯ್ಯಲು ಬಂದು ಮೇಜಿನ ಬಳಿ ಕಾಫಿ ಕುಡಿಯುತ್ತ ಕೂತಿದ್ದಳು. "ಏನೇ ಕೋಳಿಯಮ್ಮ, ಹುಂಜ ಬರೋ ದಿನ ಅಂತ ತಲೆಗೆ ಸುರುಳಿ ಬೇರೆ ಸುತ್ಕೊಂಡಿದ್ದೀಯಾ? ಈ ವಯಸ್ಸಲ್ಲಿ!" ಎಂದು ಕಿಚಾಯಿಸುತ್ತಿದ್ದಳು.

"ನಿಂಗೆ ಸುತ್ಕೊಳ್ಳೋಕೆ ಕೂದ್ಲೇ ಇಲ್ಲ ಅಂತ ಹೊಟ್ಟೆಕಿಚ್ಚು ಕಣೇ."

ಆಗ ಪೆಟ್ಟಿಗೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ದನಿ ತೊಳೆದಿಟ್ಟಂತೆ ಸ್ವಚ್ಛವಾಗಿ ಬಂತು.

"ಹತ್ತು-ನಾಲ್ಕು, ಹತ್ತು-ನಾಲ್ಕು. ಮುಂಬಾಗಿಲು ನನ್ನ ಕೈಲಿದೆ ಗೆಳೆಯ. ಇನ್ನೂರ ಅರವತ್ತರ ಗಜಕಡ್ಡಿ ದಾಟಿ ಪಡುವಣಕ್ಕೆ ಹೊಂಟಿದೀನಿ. ರಸ್ತೆ ಒಣಗಿ ಮೂಳೆ ಆಗಿದೆ, ಬಿಸಿಲು ಕಣ್ಣಿಗೆ ಚುಚ್ತಾ ಇದೆ. ಒಂದು ಕರಡಿ ಇಲ್ಲ, ಒಂದು ಮೊಸಳೆ ಇಲ್ಲ. ಧೈರ್ಯವಾಗಿ ತುಳ್ಕೊಂಡು ಬಾ, ಹುಳಿಹಿಟ್ಟು."

ಗಂಡನ ಹೆಸರು ಕೇಳಿ ಲಿಯೋಟಾಳ ಮುಖ ಅರಳಿತು. "ಅಲ್ನೋಡು, ಬಂದೇಬಿಟ್ರು" ಎಂದಳು. ಆಲೂಗಡ್ಡೆಯ ಬುಟ್ಟಿಗೆ ಕೈಹಾಕಿದಳು. ಹಾಕಿದ ಕೈ ಹಾಗೇ ನಿಂತಿತು.

ದನಿಯ ಹಿಂದೆ ಹಕ್ಕಿ ಕೂಗುತ್ತಿತ್ತು.

"ಬರ್ನೀಸ್, ಇದು ಮೇಕೆಗಡ್ಡ ಅಲ್ಲ."

"ಇನ್ಯಾರು?"

"ಕಿತ್ತಳೆಸಿಪ್ಪೆ. ಫ್ಲೋರಿಡಾದೋನು."

"ಹುಚ್ಚಿ, ಫ್ಲೋರಿಡಾದೋನು ನಿನ್ನ ಗಂಡನ್ನ ಯಾಕೆ ಕರೀತಾನೆ?"

"ಆರಿನ್ ಕೇಳಿದಾನೆ, ಇವನು ಓಗೊಟ್ಟಿದಾನೆ. ಅವನ ರಸ್ತೇಲೂ ಇನ್ನೂರ ಅರವತ್ತರ ಗಜಕಡ್ಡಿ ಇರುತ್ತಲ್ವಾ? ಅವನೂ ಪಡುವಣಕ್ಕೇ ಹೋಗ್ತಿರಬೋದಲ್ವಾ?"

ಬರ್ನೀಸ್‌ಳ ಬಾಯಿಗೆ ಹೋಗುತ್ತಿದ್ದ ಕಾಫಿ ಅಲ್ಲೇ ತಡೆಯಿತು. ಆರಿನ್‌ನ ಮಾತು ಇವರಿಗೆ ಕೇಳುವಂತಿರಲಿಲ್ಲ, ನಡುವೆ ಗುಡ್ಡ. ಅವನಿಗೆ ಇವರದೂ ಕೇಳದು. ಆದರೆ ಗುಡ್ಡದ ಎರಡೂ ಬದಿಯ ದನಿಗಳು ಮೇಲೆ ಹೋಗಿ ಆ ದೂರದ ಬಿಸಿಲಿನಲ್ಲಿ ಇಳಿಯುತ್ತಿದ್ದವು. ಮುಂದೆ ಹೋಗುತ್ತಿದ್ದ ಮೇಕೆಗಡ್ಡನ ದನಿ ನಿಂತಿದ್ದರಿಂದಲೇ ಆರಿನ್ ಮುಂಬಾಗಿಲು ಯಾರದೆಂದು ಕೂಗಿರಬೇಕು. ಮೇಕೆಗಡ್ಡನ ದನಿ ನಿಂತದ್ದೇಕೆ?

ಬರ್ನೀಸ್ ಎದ್ದು ಗೋಡೆಯ ಫೋನು ಎತ್ತಿ ಹೆದ್ದಾರಿ ಪೊಲೀಸರನ್ನು ಕರೆದಳು. ಕೇಳಿ, ಫೋನು ಇಟ್ಟು ಇತ್ತ ತಿರುಗಿದಳು.

"ಇನ್ನೂರೈವತ್ತರ ಹತ್ರ ಒಂದರ ಮೇಲೊಂದು ಬಿದ್ದಿವೆಯಂತೆ ಲಿಯೋಟಾ. ಲಾರಿಗಳು, ಕಾರುಗಳು. ಎಷ್ಟು ಅಂತ ಗೊತ್ತಿಲ್ಲ. ಗಾಳಿ ತಗ್ಗೋವರ್ಗೂ ಯಾರೂ ಹತ್ರ ಹೋಗೋಕೆ ಆಗಲ್ವಂತೆ."

ಪೆಟ್ಟಿಗೆಯ ದನಿ ಹಾಡಿನಂತೆ ಸಾಗಿತ್ತು. "ಸರಿಯಾಗಿ ಬರ್ತಿದ್ದೀಯ ಹುಳಿಹಿಟ್ಟು. ನಿಂಗೆ ಬಿಳಿ ಬಿಟ್ರೆ ಏನೂ ಕಾಣ್ತಿಲ್ವಾ? ಇಲ್ಲೇನೂ ಇಲ್ವಲ್ಲಪ್ಪ. ಮಂಜು ಇರ್ಬೇಕು, ದಾಟ್ಬಿಡ್ತೀಯ. ಬಾ, ಬಾ."

ಒಬ್ಬ ಮನುಷ್ಯ ಇನ್ನೊಬ್ಬನನ್ನು ಅಕ್ಕರೆಯಿಂದ ಸಾವಿನ ಬಾಯಿಗೆ ಕರೆಯುತ್ತಿದ್ದ. ಅದು ಅವನಿಗೇ ತಿಳಿದಿರಲಿಲ್ಲ. ಲಿಯೋಟಾ ಹಿಟ್ಟಿನ ಕೈಯಲ್ಲೇ ಮೈಕು ಹಿಡಿದಳು. ಮುಂಬಾಗಿಲಿನವನ ಮಾತಿಗೆ ಅಡ್ಡ ಬಂದಳು. ನೆಗೆದು ಬಂದವನಿಗೆ ಓಗೊಟ್ಟಳು.

"ಕಿತ್ತಳೆಸಿಪ್ಪೆ! ಕಿತ್ತಳೆಸಿಪ್ಪೆ! ವಯೋಮಿಂಗಿಂದ ಕೋಳಿಯಮ್ಮ ಕೂಗ್ತಿದೀನಿ. ತಿರುಗಿ ಬಾ!"

ಸರಸರ ಸದ್ದು. ಹಕ್ಕಿ. ಆಮೇಲೆ, "ಅಯ್ಯೋ ನನ್ನ ದೇವರೇ, ವಯೋಮಿಂಗಾ? ಏನಮ್ಮಾ ಇಷ್ಟು ದೂರ! ಅಲ್ಲಿ ಹಿಮ ಇದೆಯಾ? ನಾನಿಲ್ಲಿ ಬನಿಯನ್ನಲ್ಲಿ ಕೂತಿದೀನಿ."

"ಕೇಳಪ್ಪ. ನೀನು ಕರೀತಿರೋ ಹುಳಿಹಿಟ್ಟು ನಿನ್ನ ರಸ್ತೇಲಿಲ್ಲ. ನಮ್ಮ ರಸ್ತೇಲಿದಾನೆ. ಅವನು ನನ್ನ ಗಂಡ. ಮುಂದೆ ಗಾಡಿಗಳು ರಾಶಿ ಬಿದ್ದಿವೆ. ನಿಲ್ಸು ಅಂತ ಹೇಳು ಅವನಿಗೆ. ನನ್ನ ಮಾತು ಅವನಿಗೆ ಕೇಳಲ್ಲ, ನಿಂದು ಕೇಳುತ್ತೆ."

ದನಿ ಅತ್ತ ತಿರುಗಿತು. ಲಿಯೋಟಾಗೆ ಕೇಳಿದ್ದು ಅರ್ಧ ಮಾತುಕತೆ ಮಾತ್ರ. ಇನ್ನರ್ಧ ಗುಡ್ಡದಾಚೆಯ ಬಿಳುಪಿನಲ್ಲಿತ್ತು. "ಹುಳಿಹಿಟ್ಟು, ಇಲ್ಲೊಬ್ಬಳು ಕೋಳಿಯಮ್ಮ ನಿಂಗೆ ನಿಲ್ಸು ಅಂತಿದಾಳೆ... ಹೌದಪ್ಪ... ಇಲ್ಲ, ನಾನು ಫ್ಲೋರಿಡಾದಲ್ಲಿದೀನಿ... ದೇವರಾಣೆ..."

ತಿರುಗಿ ಇತ್ತ ಬಂತು. "ನಗ್ತಾನಮ್ಮಾ. ಬಾಗಿಲು ಹಿಡಿದೋನು ಮಾತು ತಿರುಗಿಸ್ಬಾರ್ದು ಅಂತಾನೆ. ಯಾವನೋ ಕೀಟಲೆಯೋನು ನಡುವೆ ಬಂದು ನನ್ನ ಹೆಂಡ್ತಿ ಹೆಸ್ರು ಎತ್ತಿದಾನೆ, ಸಿಕ್ರೆ ಹಲ್ಲು ಉದುರಿಸ್ತೀನಿ ಅಂತಾನೆ. ನಿಂತ್ರೆ ಹಿಂದಿನೋನು ಬಂದು ಗುದ್ತಾನೆ, ಹಿಂಬಾಗಿಲಿಗೆ ಪಾದ್ರಿ ಇದಾನೆ ಅಂತಾನೆ."

ದನಿ ಒಮ್ಮೆ ಉಬ್ಬುತ್ತಿತ್ತು, ಒಮ್ಮೆ ಬಾವಿಗಿಳಿದಂತೆ ಇಳಿಯುತ್ತಿತ್ತು. ಹೆಚ್ಚು ಹೊತ್ತು ನಿಲ್ಲುವುದಿಲ್ಲವೆಂದು ಲಿಯೋಟಾ ಬಲ್ಲಳು. ಏನು ಹೇಳಿದರೆ ಆರಿನ್ ನಂಬುತ್ತಾನೆ? ಬದುಕಿರುವವನ ಬಗ್ಗೆ ರೇಡಿಯೊದಲ್ಲಿ ಎಂದೂ ಯಾರೂ ಹೇಳದ ಮಾತು ಒಂದೇ ಇತ್ತು.

"ಅವನ ಹೆಸ್ರು ಕೊಡ್ತೀನಿ. ಓದು" ಎಂದಳು.

ಬರ್ನೀಸ್ ಹಾರಿಬಂದು ಅವಳ ಮಣಿಕಟ್ಟು ಹಿಡಿದಳು. "ಬೇಡ ಕಣೇ! ಬದುಕಿರೋ ಗಂಡನ ಹೆಸ್ರನ್ನ ಗಾಳಿಗೆ ಕೊಡ್ತೀಯಾ? ಕೊಟ್ರೆ ಕೊಟ್ಟಂಗೇ. ವಾಪಸ್ ತಗೊಳ್ಳೋಕೆ ಆಗಲ್ಲ."

ಆ ಕಡೆಯವನೂ ತಡೆದ. ಅವನ ರಸ್ತೆಯಲ್ಲೂ ಕಟ್ಟಲೆ ಅದೇ ಇರಬೇಕು. "ಅಮ್ಮಾ, ಉಸಿರಾಡ್ತಿರೋನ ಹೆಸ್ರು ನಾನು ಓದಲ್ಲ. ನಂಗೂ ಮನೆಮಠ ಇದೆ."

"ಹೆಂಡ್ತಿ ಕೊಡ್ತಿದೀನಿ. ಹೆಂಡ್ತಿ ಕೊಟ್ಟ ಮೇಲೆ ಇಲ್ಲ ಅನ್ನೋ ಹಾಗಿಲ್ಲ ನೀನು. ಪಾಪ ಏನಿದ್ರೂ ನನ್ನ ತಲೆ ಮೇಲೆ. ಬರ್ಕೋ. ಆರಿನ್ ಗುನ್ನಾರ್ ಫಾಸಮ್."

ಅಡುಗೆಮನೆಯಲ್ಲಿ ಒಲೆಯೊಳಗಿನ ಪೈ ಸೀಯುವ ವಾಸನೆ ಎದ್ದಿತು, ಇಬ್ಬರೂ ಅಲುಗಲಿಲ್ಲ. ಆಮೇಲೆ ಕಿತ್ತಳೆಸಿಪ್ಪೆಯ ದನಿ ಬಂತು. ತಮಾಷೆ ಇಳಿದುಹೋಗಿತ್ತು. ಎಳೆತ ಕೂಡ ಇರಲಿಲ್ಲ. ಅವನ ಸ್ವಂತ ದನಿ ಅದೇ ಇರಬೇಕು, ಮುದುಕನ ದನಿ.

"ಎಲ್ಲರೂ ಕೇಳಿ. ಆರಿನ್ ಗುನ್ನಾರ್ ಫಾಸಮ್. ರಸ್ತೇಲಿ ಹುಳಿಹಿಟ್ಟು ಅಂತ ಕರೀತಿದ್ರು. ಲಾರಿ ನಿಲ್ಸಿದಾನೆ. ಹೆಂಡತಿ ಹೆಸರು ಕೊಟ್ಟಿದಾಳೆ."

ಸರಸರ ಸದ್ದು ಏರಿತು. ದನಿ ಇಳಿಯಿತು, ಇನ್ನೂ ಇಳಿಯಿತು. ಲಿಯೋಟಾ ಗುಂಡಿ ಒತ್ತಿ ಒತ್ತಿ ಕೂಗಿದಳು. ಯಾರೂ ತಿರುಗಿ ಬರಲಿಲ್ಲ.

ಬರ್ನೀಸ್ ಟೋಪಿ ಹಾಕಿರಲಿಲ್ಲ. ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಗೆ ಮಾಡಿದ್ದು ಅವಳಿಗೆ ತಿಳಿದಿತ್ತೋ ಇಲ್ಲವೋ. "ಅದನ್ನ ಕಟ್ಕೋ" ಎಂದಳು ಲಿಯೋಟಾ ಗದರಿ. ಬರ್ನೀಸ್ ಕಟ್ಟಿಕೊಂಡಳು.

ಆ ಮಧ್ಯಾಹ್ನ ಹೇಗೆ ಕಳೆಯಿತು ಎಂದು ಲಿಯೋಟಾ ಯಾರಿಗೂ ಹೇಳಿದವಳಲ್ಲ. ಗಾಳಿ ಕಿಟಕಿಗೆ ಹಿಮ ಎರಚುತ್ತಿತ್ತು. ಫೋನು ಸುಮ್ಮನಿತ್ತು. ತಾನು ಹೆಸರು ಕೊಟ್ಟದ್ದು ಬದುಕಿದ್ದವನದೋ ಸತ್ತವನದೋ ತಿಳಿಯದೆ ಅವಳು ಮೇಜು ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಮರುದಿನ ಬಿಸಿಲೇರುವಾಗ ಹಿಮ ತಳ್ಳುವ ಗಾಡಿ ಮನೆಯ ಮುಂದೆ ನಿಂತಿತು. ಅದರಿಂದ ಆರಿನ್ ಇಳಿದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಒಳಗೆ ಬಂದವನು ಅವಳನ್ನು ಮುಟ್ಟಲಿಲ್ಲ. ರೇಡಿಯೊ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಅದಕ್ಕೆ ಬೆನ್ನು ಮಾಡಿ ಕೂತ. ಮಾತಿನ ಜಿಪುಣ ಅಂದು ಮಾತ್ರ ಕೈಬಿಚ್ಚಿ ಮಾತಾಡಿದ.

"ನನ್ನ ಹೆಸ್ರು ಕೇಳಿಸ್ತು ಲಿಯೋಟಾ. ಅವ್ವ ಸತ್ತ ಮೇಲೆ ಗುನ್ನಾರ್ ಅಂತ ಯಾರೂ ಅಂದಿರ್ಲಿಲ್ಲ. ಸುತ್ತ ಬಿಳೀ. ರಸ್ತೆ ಇಲ್ಲ, ಆಕಾಶ ಇಲ್ಲ. ಯಾವನೋ ನನ್ನ ಹೆಸ್ರು ಓದ್ತಿದಾನೆ. ಓಹೋ, ಆಗಲೇ ಆಗೋಗಿದೆ, ಯಾವಾಗ ಆಯ್ತೋ ಗೊತ್ತೇ ಆಗ್ಲಿಲ್ಲ ಅಂದ್ಕೊಂಡೆ. ಸತ್ತೋನು ಇನ್ನು ಓಡ್ಸೋದೇನು? ಕಾಲು ತಾನೇ ಬ್ರೇಕಿನ ಮೇಲೆ ಹೋಯ್ತು. ಪಾದ್ರಿಗೂ ಕೇಳಿತ್ತು. ಅವನೂ ನಿಂತ."

"ಆಮೇಲೆ?"

"ಇಳಿದೆ. ಪಕ್ಕದ ತಂತಿ ಬೇಲಿ ಹಿಡ್ಕೊಂಡು ಮುಂದೆ ನಡೆದೆ. ಹೆಚ್ಚು ದೂರ ಇಲ್ಲ. ಮೊದಲು ಒಂದು ಲಾರಿ ಹಿಂಭಾಗ ಕೈಗೆ ಸಿಕ್ತು. ಕಣ್ಣಿಗಲ್ಲ, ಕೈಗೆ. ಅದರ ಮುಂದೆ ಇನ್ನೊಂದು, ಮೇಲೊಂದು." ಅವನು ನೀರು ಕೇಳಿ ಕುಡಿದ. ಕೈಯ ಬಟ್ಟೆಯಿಂದಾಗಿ ಅವಳೇ ಕುಡಿಸಬೇಕಾಯಿತು. "ರೇಡಿಯೊಗಳು ಆರಿರ್ಲಿಲ್ಲ ಕಣೇ. ಒಂದೊಂದು ಲಾರಿಯೊಳಗೂ ಅವನೇ ಮಾತಾಡ್ತಿದ್ದ. ಒಬ್ಬನೇ ಮನುಷ್ಯ ಎಲ್ಲಾ ಲಾರೀಲೂ ಕೂತಿದ್ದಂಗೆ. 'ಹುಳಿಹಿಟ್ಟು, ತಿರುಗಿ ಬಾ. ತಪ್ಪಾಗಿದ್ರೆ ಹೇಳಪ್ಪ, ಬದುಕಿದ್ರೆ ಹೇಳು.' ಒಂದು ಕಿಟಕೀಲಿ ಜೋರಾಗಿ, ಇನ್ನೊಂದ್ರಲ್ಲಿ ಪಿಸುಮಾತು. ಹಿಂದೆ ಎಂಥದೋ ಹಕ್ಕಿ. ಮೇಕೆಗಡ್ಡ ಸ್ಟೀರಿಂಗ್ ಮೇಲೆ ತಲೆ ಇಟ್ಟು ಅದನ್ನೇ ಕೇಳಿಸ್ಕೊಳ್ತಿದ್ದಂಗೆ ಇದ್ದ. ಮುಟ್ಟಿದೆ. ಇರ್ಲಿಲ್ಲ ಅವನು."

"ಉತ್ತರ ಕೊಟ್ಯಾ ಆ ಮನುಷ್ಯನಿಗೆ?"

"ಮೈಕು ಕೈಗೆ ಸಿಕ್ಕಿತ್ತು. ಯಾರಂತ ಹೇಳ್ಲಿ? ಹೆಸ್ರು ಓದಿ ಆಗಿತ್ತು."

ಅವನೂ ಪಾದ್ರಿಯೂ ಸೇರಿ ಉಸಿರಿದ್ದವರನ್ನು ಎಳೆದು ತೆಗೆದಿದ್ದರು. ಕೈ ಕೆಟ್ಟದ್ದು ಅದರಿಂದ. ಲಿಯೋಟಾಗೆ ಒಂದು ಮಾತು ಮಾತ್ರ ಒಗಟಾಗಿ ಉಳಿಯಿತು. ಹೆಸರು ಓದಿದ ಮರುಗಳಿಗೆಯೇ ಅವಳ ಅಡುಗೆಮನೆಯಲ್ಲಿ ಆ ದನಿ ಮುಳುಗಿತ್ತು. ಅಲ್ಲಿ ಮಾತ್ರ, ಆ ಒಡೆದ ಲಾರಿಗಳಲ್ಲಿ, ಅದು ಸಂಜೆಯವರೆಗೂ ನಿಲ್ಲಲಿಲ್ಲವೆಂದು ಪಾದ್ರಿಯೂ ಹೇಳಿದ. ಸಂಜೆಗೆ ನೆಗೆದು ಬರುವ ದನಿ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಆ ಹೆಸರು ಎಲ್ಲೆಲ್ಲಿಗೆ ಹೋಗಿತ್ತೋ. ನಾಲ್ಕು ದಿಕ್ಕಿನ ರಸ್ತೆಗಳಲ್ಲಿ ಬಿದ್ದಿರಬೇಕು. ವಾರ ಕಳೆಯುವ ಮೊದಲೇ ಗುರುತುಪರಿಚಯವಿಲ್ಲದ ಲಾರಿಗಳು ಮನೆಯ ಮುಂದೆ ನಿಲ್ಲತೊಡಗಿದವು. ಬೆಟ್ಟದಂಥ ಗಂಡಸರು ಟೋಪಿ ಎದೆಗೊತ್ತಿಕೊಂಡು, ಕೈಯಲ್ಲಿ ಸಾವಿನ ಮನೆಗೆಂದು ಹಂದಿತೊಡೆಯದೋ ಬೀನ್ಸಿನದೋ ತಟ್ಟೆ ಹಿಡಿದು ಬಾಗಿಲು ತಟ್ಟುತ್ತಿದ್ದರು. ಒಂದು ಸಲ ಆರಿನ್ನೇ ಬಾಗಿಲು ತೆಗೆದ.

"ಹುಳಿಹಿಟ್ಟಿನ ಹೆಂಡ್ತಿ ಮನೆ ಇದೇನಾ? ದೊಡ್ಡ ಮನುಷ್ಯ ಅವನು. ಒಂದ್ಸಲ ನನ್ನ ಟೈರು ಬದಲಾಯಿಸಿ ಕೊಟ್ಟಿದ್ದ" ಎಂದ ಬಂದವನು.

"ನಾನೇ ಹುಳಿಹಿಟ್ಟು. ಟೈರು ಕಟ್ಟಿದ್ದು ನೆನಪಿದೆ. ನಿನ್ನ ಜಾಕು ಮುರಿದಿತ್ತು."

ಬಂದವನು ಅವನನ್ನು ಮೇಲಿಂದ ಕೆಳಗೆ ನೋಡಿದ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟ. ಬೆನ್ನು ತಿರುಗಿಸದೆ, ಹಿಮ್ಮುಖವಾಗಿಯೇ ಲಾರಿಯವರೆಗೆ ನಡೆದುಹೋದ.

ಕೈ ವಾಸಿಯಾದ ಮೇಲೆ ಆರಿನ್ ಮತ್ತೆ ರಸ್ತೆಗೆ ಇಳಿದ. ಬೇರೆ ಕೆಲಸ ಅವನಿಗೆ ಬಾರದು. ಲಾರಿ ನಿಲ್ದಾಣದಲ್ಲಿ ಎದುರು ಸಿಕ್ಕವರು ಕೈ ಕುಲುಕಿದರು, ಬೆನ್ನು ತಟ್ಟಿದರು, "ಏನಪ್ಪಾ ಸತ್ತೋನೆ, ಅಲ್ಲಿ ಊಟ ಹೆಂಗಿದೆ?" ಎಂದು ನಕ್ಕರು. ಆದರೆ ಲಾರಿ ಹತ್ತಿ ಮೈಕು ಹಿಡಿದು ಅವನು "ಹುಳಿಹಿಟ್ಟು ಕರೀತಿದೀನಿ, ಮುಂದೆ ರಸ್ತೆ ಹೆಂಗಿದೆ?" ಎಂದರೆ, ಅದೇ ನಕ್ಕವರ ಲಾರಿಗಳು ಕಣ್ಣೆದುರಿಗೇ ಓಡುತ್ತಿದ್ದರೂ, ಒಂದು ದನಿ ಏಳುತ್ತಿರಲಿಲ್ಲ. ಅವರೇನು ಕೆಟ್ಟವರಲ್ಲ. ಓದಿದ ಹೆಸರಿಗೆ ಓಗೊಡುವುದು ಹೇಗೆಂದು ಅವರಿಗೆ ತಿಳಿಯದು. ಬೇರೆ ಹೆಸರು ಇಟ್ಟುಕೋ ಎಂದ ಪಾದ್ರಿ. ಆರಿನ್ ಒಂದು ಸಲ ಬೇರೆ ಹೆಸರಿನಿಂದ ಕೂಗಿಯೂ ನೋಡಿದ. ಯಾರೋ ಹೊಸಬ ಓಗೊಟ್ಟು, "ಮುಂಬಾಗಿಲು ನನ್ನ ಕೈಲಿದೆ, ಧೈರ್ಯವಾಗಿ ಬಾ" ಎಂದ. ಅದನ್ನು ಕೇಳಿದ್ದೇ ತಡ ಆರಿನ್ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ಅಲ್ಲೇ ಕೂತನಂತೆ.

ಮನೆಗೆ ಬಂದವನು ಲಾರಿಯ ರೇಡಿಯೊವನ್ನು ಕಿತ್ತು ತಂದು ಮೇಜಿನ ಮೇಲಿಟ್ಟ.

"ನಾನು ನಿನ್ನ ಹೆಸ್ರು ಕೊಡ್ಬಾರ್ದಿತ್ತಾ?" ಎಂದು ಲಿಯೋಟಾ ಕೇಳಿದಳು.

"ಕೊಡ್ದಿದ್ರೆ ಈ ಪ್ರಶ್ನೆ ಯಾರಿಗೆ ಕೇಳ್ತಿದ್ದೆ?" ಎಂದ. ಹಾಗೆಂದು ಅವಳ ಹಿಟ್ಟಿನ ಕೈಯನ್ನು ತನ್ನ ಗಾಯದ ಕೈಯಲ್ಲಿ ಮುಚ್ಚಿಕೊಂಡ. ಅಷ್ಟೇ. ಅದರ ಮೇಲೆ ಅವರಿಬ್ಬರೂ ಆ ಮಾತು ಎತ್ತಲಿಲ್ಲ.

ಮುಂದೆ ಅನೇಕ ವರ್ಷ ಅವನು ಕಿವುಡನಂತೆ, ಒಬ್ಬಂಟಿಯಾಗಿ, ಸಾಲಿನ 'ಮುಂಬಾಗಿಲು-ಹಿಂಬಾಗಿಲು' ಎರಡೂ ಇಲ್ಲದೆ ಲಾರಿ ಓಡಿಸಿದ. ಗಾಳಿ ಎದ್ದರೆ ಎಲ್ಲಿದ್ದರಲ್ಲೇ ನಿಂತುಬಿಡುತ್ತಿದ್ದ. ಅವನ ಸರಕು ತಡವಾಗುತ್ತದೆಂದು ಬೈಸಿಕೊಳ್ಳುತ್ತಿದ್ದ. ಲಿಯೋಟಾಗೆ ಅವನು ಎಲ್ಲಿದ್ದಾನೆ, ಗುಡ್ಡದ ಆಚೆಯೋ ಈಚೆಯೋ, ಇದ್ದಾನೋ ಇಲ್ಲವೋ, ಒಂದೂ ತಿಳಿಯುತ್ತಿರಲಿಲ್ಲ. ಕಾಯುವುದಕ್ಕೆ ಕಿವಿ ಕೆಲಸಕ್ಕೆ ಬಾರದಾಯಿತು. ಚಳಿಗಾಲದ ದಿನಗಳಲ್ಲಿ ಅವಳು ಕೆಲಸದ ನಡುನಡುವೆ ಹೊರಗೆ ಬಂದು ರಸ್ತೆಯ ಕಡೆ ನೋಡುತ್ತಿದ್ದಳು; ಬಯಲಿನಲ್ಲಿ ಹಿಮ ಹರಿಯುವುದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಬಂದಾಗ ಅವನು ಸದ್ದಿಲ್ಲದೆ ಬರುತ್ತಿದ್ದ. ಹಿಟ್ಟು ನಾದುತ್ತ ನಿಂತವಳು ತಲೆ ಎತ್ತಿದರೆ ಬಾಗಿಲಲ್ಲಿ ಇರುತ್ತಿದ್ದ, ಹುಬ್ಬಿನ ಮೇಲೆ ಹಿಮ. ಅವಳು ಕೂಗುತ್ತಿರಲಿಲ್ಲ, ಓಡಿಹೋಗಿ ತಬ್ಬುತ್ತಿರಲಿಲ್ಲ. ಕುರ್ಚಿ ಎಳೆದು ಕೊಡುತ್ತಿದ್ದಳು. ನಿನ್ನೆಯದೋ ಮೊನ್ನೆಯದೋ ತಣ್ಣಗಿನ ಆಲೂಗಡ್ಡೆಯನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟು, ಎದುರಿಗೆ ನಿಂತು, ಅವನು ಮೊದಲ ತುತ್ತು ಬಾಯಿಗಿಟ್ಟು ಅಗಿದು ನುಂಗುವವರೆಗೆ ಅವನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ ಮೇಲೆ, ಆಗ, ಒಲೆ ಹೊತ್ತಿಸುತ್ತಿದ್ದಳು.